ಕಾರಿಗೆ ಅಗ್ಗದ ಜಿಪಿಎಸ್: ಘಟ್ಟದ ಮೇಲಿನವರೂ ಕೆಳಗಿನವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ನಮ್ಮದು ಕಾರಿನ ಬಿಡಿ ಸಾಮಾನಿನ ಸಣ್ಣ ಅಂಗಡಿ. ಸೀಟ್ ಕವರ್, ಹಾರ್ನ್, ಸ್ಟೀರಿಯೊ, ಮೊಬೈಲ್ ಹೋಲ್ಡರ್ ಇಂಥವು. ಅಡಿಕೆಗೆ ರೇಟು ಬಂದ ವರ್ಷ ಹೊಸ ಕಾರು ತೆಗೆದವರು, ಕುಮಟಾ-ಹೊನ್ನಾವರದಿಂದ ಮಾರಿಕಾಂಬೆ ದರ್ಶನಕ್ಕೆ ಬಂದವರು, ಹೋಂಸ್ಟೇ ನಡೆಸುವವರು, ಎಲ್ಲರೂ ಕೌಂಟರಿಗೆ ಕೈಯೂರಿ ಕೇಳುವುದು ಒಂದೇ: "ಕಡಿಮೆಯಲ್ಲಿ ಒಳ್ಳೆ ಜಿಪಿಎಸ್ ಯಾವುದುಂಟು?" ದಿನಕ್ಕೆ ನಾಲ್ಕು ಸಲ ಅದೇ ಉತ್ತರ ಹೇಳಿ ಗಂಟಲು ಒಣಗಿದ ಮೇಲೆ ಬರೆದಿಟ್ಟದ್ದು ಇದು. ಬೆಲೆಗಳೆಲ್ಲ ನಮ್ಮ ಪೇಟೆಯ ಅಂದಾಜು. ನಿಮ್ಮಲ್ಲಿ ಸ್ವಲ್ಪ ಆಚೀಚೆ ಆದೀತು.

ಅಂಗಡಿಗೆ ಹೋಗಿ "ಜಿಪಿಎಸ್ ಕೊಡಿ" ಅಂದರೆ ಏನು ಕೊಡುತ್ತಾರೆ?

ಅಂಗಡಿಯವ ಹೇಗೆ ಅರ್ಥ ಮಾಡಿಕೊಂಡನೋ ಹಾಗೆ. ಈಗ ಹೆಚ್ಚಿನ ಕಡೆ ಜಿಪಿಎಸ್ ಎಂದರೆ ಟ್ರ್ಯಾಕರ್. ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ, ಒಳಗೊಂದು ಸಿಮ್, ಡ್ಯಾಶ್‌ಬೋರ್ಡಿನ ಹಿಂದೆ ಅಡಗಿಸಿ ಕೂರಿಸುತ್ತಾರೆ. ಕಾರು ಎಲ್ಲಿದೆ ಎಂದು ಮನೆಯಲ್ಲಿದ್ದವರ ಮೊಬೈಲಿಗೆ ಹೇಳುವುದು ಅದರ ಕೆಲಸ. ಕಾರು ಓಡಿಸುವವನಿಗೆ ಎಡಕ್ಕೆ ಹೋಗು, ಬಲಕ್ಕೆ ಹೋಗು ಎಂದು ಅದು ಹೇಳುವುದಿಲ್ಲ. ಸಿದ್ದಾಪುರ ಕಡೆಯ ಹೆಗಡೇರೊಬ್ಬರು ಬೇರೆಲ್ಲೋ ಎರಡು ಸಾವಿರ ಕೊಟ್ಟು ಇದನ್ನು ಹಾಕಿಸಿಕೊಂಡು ಬಂದು, "ಇದು ಮಾತೇ ಆಡ್ತಿಲ್ವಲ ಮಾರಾಯಾ" ಎಂದು ನನ್ನ ಮುಂದೆ ಕೂತಿದ್ದರು. ಮಾತಾಡುವ ಸಾಮಾನೇ ಅದಲ್ಲ.

ದಾರಿ ತೋರಿಸುವುದು ಬೇಕಿದ್ದರೆ "ನ್ಯಾವಿಗೇಶನ್" ಎಂದು ಬಿಡಿಸಿ ಹೇಳಿ. ಅದರಲ್ಲಿ ಮೂರು ಜಾತಿ: ನಿಮ್ಮ ಕೈಯಲ್ಲೇ ಇರುವ ಮೊಬೈಲ್, ಕಾರಿನೊಳಗೆ ಕೂರಿಸುವ ಆಂಡ್ರಾಯ್ಡ್ ಸ್ಟೀರಿಯೊ, ಗಾಜಿಗೆ ಅಂಟಿಸುವ ಜಿಪಿಎಸ್ ಪೆಟ್ಟಿಗೆ.

ದೇವಿಮನೆ ಘಟ್ಟದಲ್ಲಿ, ಅಣಶಿಯಲ್ಲಿ ನೆಟ್‌ವರ್ಕೇ ಇರುವುದಿಲ್ಲ. ಅಲ್ಲಿ ಇದೆಲ್ಲ ಕೆಲಸ ಮಾಡುತ್ತದೆಯೇ?

ಮಾಡುತ್ತದೆ. ಈ ಒಂದು ಉತ್ತರವನ್ನು ನಂಬಿಸುವುದಕ್ಕೇ ನನಗೆ ಅತಿ ಹೆಚ್ಚು ಹೊತ್ತು ಬೇಕು.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ ಸಮಯವನ್ನೂ ತಾವಿರುವ ಜಾಗವನ್ನೂ ಸಾರುತ್ತಲೇ ಇರುತ್ತವೆ. ನಿಮ್ಮ ಸಾಧನ ಅದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೆ, ರೇಡಿಯೊ ಕೇಳಿದ ಹಾಗೆ. ನಾಲ್ಕು ಉಪಗ್ರಹದ ಮಾತು ಕಿವಿಗೆ ಬಿದ್ದರೆ ತಾನೆಲ್ಲಿದ್ದೇನೆ ಎಂಬ ಲೆಕ್ಕ ಹಾಕುತ್ತದೆ. ಇದಕ್ಕೆ ಟವರ್ ಬೇಡ, ಡೇಟಾ ಬೇಡ, ರಿಚಾರ್ಜೂ ಬೇಡ. ನೆಟ್‌ವರ್ಕ್ ಬೇಕಾಗುವುದು ನಕ್ಷೆ ತರಿಸಿಕೊಳ್ಳುವುದಕ್ಕೆ. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡಿದ್ದರೆ ಕದ್ರಾ ದಾಟಿ ಅಣಶಿ ಹತ್ತುವಾಗ ಟವರಿನ ಗೆರೆಯೆಲ್ಲ ಹೋದರೂ ನಿಮ್ಮ ನೀಲಿ ಚುಕ್ಕೆ ರಸ್ತೆಯ ಮೇಲೇ ಹೋಗುತ್ತಿರುತ್ತದೆ.

ಆದರೂ ಘಟ್ಟದಲ್ಲಿ ತೊಂದರೆ ಇಲ್ಲವೆಂದಲ್ಲ. ಒತ್ತಾದ ಕಾಡಿನ ಎಲೆ, ಅದರಲ್ಲೂ ನೆನೆದ ಎಲೆ, ಸಿಗ್ನಲ್ಲನ್ನು ಹೀರುತ್ತದೆ. ಒಂದು ಪಕ್ಕ ಗೋಡೆಯಂಥ ದರೆ ಇದ್ದರೆ ಅರ್ಧ ಆಕಾಶ ಮರೆಯಾಗುತ್ತದೆ. ಬಂಡೆಗೆ ಬಡಿದು ಬಂದ ಸಿಗ್ನಲ್ ಲೆಕ್ಕ ತಪ್ಪಿಸುತ್ತದೆ. ಬಯಲಲ್ಲಿ ಐದು ಮೀಟರಿನ ಆಸುಪಾಸಿಗೆ ಸರಿ ಹೇಳುವ ಮೊಬೈಲು ಇಲ್ಲಿ ನಾಲ್ಕು ಮಾರು ಆಚೆ ತೋರಿಸೀತು. ಘಟ್ಟದಲ್ಲಿ ಇರುವುದು ಒಂದೇ ರಸ್ತೆಯಾದ್ದರಿಂದ ಅದರಿಂದ ನಷ್ಟವಿಲ್ಲ.

ಇನ್ನೊಂದು ಸಂಗತಿ. ನೆಟ್‌ವರ್ಕ್ ಇದ್ದಾಗ ಮೊಬೈಲು ಉಪಗ್ರಹಗಳ ಪಂಚಾಂಗವನ್ನು, ಎಂದರೆ ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು, ಇಂಟರ್ನೆಟ್ಟಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು. ಬಯಲಲ್ಲಿ ಅದಕ್ಕೆ ಅರ್ಧ ನಿಮಿಷ ಸಾಕು. ಕಾಡಿನ ನಡುವೆ ಮಾತು ತುಂಡು ತುಂಡಾಗಿ ಕೇಳಿ ಐದು ಹತ್ತು ನಿಮಿಷವೂ ಹೋಗಬಹುದು. ಹಾಗಾಗಿ ದಾರಿಯನ್ನು ಮನೆಯಂಗಳದಲ್ಲೇ ಶುರು ಮಾಡಿ. ರಾಗಿಹೊಸಳ್ಳಿ ದಾಟಿದ ಮೇಲೆ ಮೊಬೈಲು ಬಿಚ್ಚಿ "ತೋರಿಸ್ತಾ ಇಲ್ಲ" ಎಂದು ಬೈಯಬೇಡಿ.

ಹಾಗಾದರೆ ಎಲ್ಲಕ್ಕಿಂತ ಅಗ್ಗದ್ದು ಯಾವುದು?

ನಿಮ್ಮ ಮನೆಯ ಕಪಾಟಿನಲ್ಲಿ ಬಿದ್ದಿರುವ ಹಳೆಯ ಮೊಬೈಲು. ವ್ಯಾಪಾರಿಯಾಗಿ ಇದನ್ನು ಹೇಳಬಾರದು, ಆದರೂ ಹತ್ತರಲ್ಲಿ ಏಳು ಜನರಿಗೆ ನಾನು ಹೇಳುವುದು ಇದನ್ನೇ. ಮಗ ಹೊಸ ಫೋನ್ ತೆಗೆದ ಮೇಲೆ ಉಳಿದದ್ದು, ನಾಲ್ಕೈದು ವರ್ಷ ಹಳೆಯದಾದರೂ ಸಾಕು. ಸಿಮ್ ಬೇಡ. ಮನೆಯ ವೈಫೈನಲ್ಲಿ ನಕ್ಷೆ ಇಳಿಸಿ ಕಾರಿನಲ್ಲಿಟ್ಟರೆ ಅದೇ ನಿಮ್ಮ ಜಿಪಿಎಸ್ ಪೆಟ್ಟಿಗೆ. ಫೋನ್ ಬಂದಾಗ ನಕ್ಷೆ ಮುಚ್ಚಿಹೋಗುವ ಕಿರಿಕಿರಿಯೂ ಇಲ್ಲ.

ಖರ್ಚು ಮಾಡುವುದಿದ್ದರೆ ಹೋಲ್ಡರಿಗೆ ಮತ್ತು ಚಾರ್ಜರಿಗೆ ಮಾಡಿ. ನೂರು ರೂಪಾಯಿಯ ಹೋಲ್ಡರ್ ಅರಬೈಲ್ ಘಟ್ಟದ ಎರಡನೇ ತಿರುವಿನಲ್ಲಿ ಕಾಲಬುಡಕ್ಕೆ ಬೀಳುತ್ತದೆ, ಅಲ್ಲೇ ಬ್ರೇಕ್ ಪೆಡಲ್ಲೂ ಇರುತ್ತದೆ. ನಾನೂರರಿಂದ ಎಂಟುನೂರರ ಒಳಗೆ ಗಟ್ಟಿಯಾದದ್ದು ಸಿಗುತ್ತದೆ. ಏಸಿ ಕಿಂಡಿಗೆ ಸಿಕ್ಕಿಸುವಂಥದ್ದೇ ನಮ್ಮ ಊರಿಗೆ ಒಳ್ಳೆಯದು. ಗಾಜಿನ ಬುಡದಲ್ಲಿಟ್ಟ ಮೊಬೈಲು ಏಪ್ರಿಲ್ ತಿಂಗಳ ಕಾರವಾರದ ಬಿಸಿಲಿಗೆ ಕಾದು ತಾನೇ ಆಫ್ ಆಗುತ್ತದೆ. ಬ್ಯಾಟರಿ ಉಬ್ಬಿದ ಹಳೆ ಮೊಬೈಲನ್ನಂತೂ ಕಾರಿನೊಳಗೆ ಇಡಲೇಬೇಡಿ.

ಚಾರ್ಜರ್ ಕನಿಷ್ಠ 2 ಆಂಪಿಯರಿನದ್ದಿರಲಿ. ಕಡಿಮೆಯದ್ದಾದರೆ ಪರದೆ, ಜಿಪಿಎಸ್, ಧ್ವನಿ ಮೂರೂ ಸೇರಿ ತಿನ್ನುವುದು ಜಾಸ್ತಿ, ತುಂಬುವುದು ಕಡಿಮೆ. ಕೆಲವು ಕಾರಿನಲ್ಲಿ ಕೀ ತೆಗೆದರೂ ಆ ಸಾಕೆಟ್ಟಿಗೆ ಕರೆಂಟು ಬರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಕಾರು ತೆಗೆಯದವರು ಚಾರ್ಜರ್ ಕಿತ್ತಿಡಬೇಕು. ಇಲ್ಲದಿದ್ದರೆ ಆಮೇಲೆ ನಾಲ್ಕು ಜನ ಸೇರಿ ಕಾರು ದೂಡುವ ಕೆಲಸ.

ಟ್ಯಾಬ್ ಇದೆ. ಪರದೆ ದೊಡ್ಡದು. ಅದನ್ನೇ ಇಡಬಹುದಲ್ಲ?

ಸಿಮ್ ಹಾಕುವ ಟ್ಯಾಬ್ ಆದರೆ ಇಡಬಹುದು. ಬರೀ ವೈಫೈ ಇರುವ ಎಷ್ಟೋ ಟ್ಯಾಬುಗಳಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ, ವೈಫೈ ಮಾತ್ರದ ಐಪ್ಯಾಡಿನಲ್ಲೂ ಇಲ್ಲ. ಮನೆಯಲ್ಲಿ ಸರಿಯಾಗಿ ತೋರಿಸುತ್ತದೆ, ಗೇಟು ದಾಟಿದ ಮೇಲೆ ಮನೆಯಲ್ಲೇ ಉಳಿದಿರುತ್ತದೆ.

ಯಾವ ನಕ್ಷೆ ಹಾಕಿಕೊಳ್ಳಬೇಕು? ಇಳಿಸಿಟ್ಟುಕೊಳ್ಳುವುದು ಹೇಗೆ?

ಗೂಗಲ್ ಮ್ಯಾಪ್ಸ್ ಎಲ್ಲರಿಗೂ ರೂಢಿಯಾದದ್ದು. ಅದರಲ್ಲಿ ನಿಮ್ಮ ಚಿತ್ರದ ಗುರುತು ಒತ್ತಿದರೆ ಆಫ್‌ಲೈನ್ ನಕ್ಷೆ ಎಂಬ ಸಾಲು ಸಿಗುತ್ತದೆ. ಚೌಕವನ್ನು ಎಳೆದು ಮೇಲೆ ಗೋವಾ ಗಡಿ, ಕೆಳಗೆ ಕುಂದಾಪುರ, ಪಕ್ಕಕ್ಕೆ ಹುಬ್ಬಳ್ಳಿ ಬರುವಷ್ಟು ಹಿಡಿದರೆ ನಮ್ಮ ಓಡಾಟವೆಲ್ಲ ಅದರೊಳಗೆ ಬಂತು. ಇದಕ್ಕೆ ಅವಧಿ ಇರುತ್ತದೆ. ನವೀಕರಿಸದೆ ಬಿಟ್ಟರೆ ಅಳಿಸಿಹೋಗುತ್ತದೆ, ಆಗಾಗ ಮನೆಯ ವೈಫೈ ತಾಗಿಸುತ್ತಿರಬೇಕು.

ಕಾರಿನಲ್ಲೇ ಇಡುವ ಹಳೆ ಮೊಬೈಲಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್‌ಆ್ಯಂಡ್ ನನಗೆ ಹೆಚ್ಚು ಹಿಡಿಸಿದೆ. ಎರಡೂ 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯನ್ನು ಬಳಸುತ್ತವೆ, ಇಂಟರ್ನೆಟ್ ಇಲ್ಲದೆಯೇ ನಡೆಯಲೆಂದು ಮಾಡಿದವು. ಕಾಡಿನ ಕಾಲುದಾರಿ, ಜಲಪಾತದ ಇಳಿಜಾರು ಇದರಲ್ಲಿ ಕೆಲವು ಕಡೆ ಗೂಗಲ್‌ಗಿಂತ ಚೆನ್ನಾಗಿವೆ. ಆದರೆ ಅಂಗಡಿ, ಆಸ್ಪತ್ರೆ, ಗ್ಯಾರೇಜಿನ ಹೆಸರು ಕಡಿಮೆ. ನಮ್ಮ ದೇಶದ್ದೇ ಆದ ಮ್ಯಾಪ್ಪಲ್ಸ್ ಕೂಡ ಇದೆ. 1995ರಿಂದ ನಕ್ಷೆಯ ಕೆಲಸದಲ್ಲಿರುವ ಮ್ಯಾಪ್‌ಮೈಇಂಡಿಯಾದವರದ್ದು. ಒಂದನ್ನೇ ನೆಚ್ಚಿಕೊಳ್ಳದೆ ಎರಡನ್ನು ಹಾಕಿಡಿ. ದುಡ್ಡೇನೂ ಕೊಡಬೇಕಿಲ್ಲ.

ಇಳಿಸಿದ್ದು ಸರಿಯಾಗಿದೆಯೇ ಎಂದು ನೋಡಲು ಮೊಬೈಲನ್ನು ವಿಮಾನದ ಗುರುತಿನ ಮೋಡ್‌ಗೆ ಹಾಕಿ ಪೇಟೆಗೊಂದು ಸುತ್ತು ಹೋಗಿಬನ್ನಿ. ಈಗಿನ ಮೊಬೈಲುಗಳಲ್ಲಿ ಆ ಮೋಡ್‌ನಲ್ಲೂ ಜಿಪಿಎಸ್ ನಡೆಯುತ್ತದೆ. ಪೇಟೆಯಲ್ಲಿ ದಾರಿ ತೋರಿಸಿದರೆ ಘಟ್ಟದಲ್ಲೂ ತೋರಿಸುತ್ತದೆ.

ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದರೆ ಹೇಗೆ? ಏಳು ಸಾವಿರಕ್ಕೂ ಸಿಗುತ್ತದೆ ಅಂತಾರೆ.

ಸಿಗುತ್ತದೆ, ನಾವೂ ಮಾರುತ್ತೇವೆ. ಏಳೆಂಟು ಸಾವಿರದಿಂದ ಇಪ್ಪತ್ತು ಸಾವಿರದವರೆಗೂ ಇದೆ. ಹಾಡು, ಹಿಂದಿನ ಕ್ಯಾಮೆರಾ, ನಕ್ಷೆ ಎಲ್ಲ ಒಂದೇ ಪರದೆಯಲ್ಲಿ ಬೇಕೆನ್ನುವವರಿಗೆ ಲಾಭ. ಬರೀ ದಾರಿಗೋಸ್ಕರ ಹಾಕಿಸುವುದಾದರೆ ದಂಡ.

ಅಗ್ಗದ ಸ್ಟೀರಿಯೊದಲ್ಲಿ ಪೆಟ್ಟಿಗೆಯ ಮೇಲೆ ಬರೆದ ರ್‍ಯಾಮನ್ನು ನಂಬಬೇಡಿ. ಸೆಟ್ಟಿಂಗ್ಸಿನಲ್ಲಿ ತೋರಿಸುವುದನ್ನೂ ನಂಬಬೇಡಿ, ಆ ಅಂಕಿಯನ್ನು ತಿದ್ದಿ ಕಳಿಸುವವರಿದ್ದಾರೆ. ಅಂಗಡಿಯಲ್ಲೇ ಹಾಡು ಹಾಕಿ, ನಕ್ಷೆ ತೆರೆದು, ರಿವರ್ಸ್ ಗೇರ್ ಹಾಕಿ ಕ್ಯಾಮೆರಾ ಬರುವುದಕ್ಕೆ ಎಷ್ಟು ಹೊತ್ತಾಗುತ್ತದೆ ನೋಡಿ. ಹಾಡು ತಡವರಿಸಿದರೆ, ಕ್ಯಾಮೆರಾ ಬರುವಷ್ಟರಲ್ಲಿ ನಾಲ್ಕು ಎಣಿಸಬಹುದಾದರೆ ಬಿಟ್ಟುಬಿಡಿ.

ಅದಕ್ಕಿಂತ ಮುಖ್ಯ ಆಂಟೆನಾ. ಇದರ ಜತೆ ಕಪ್ಪು ಚೌಕದ ಸಣ್ಣ ತುಂಡೊಂದು ಉದ್ದ ವೈರಿನ ತುದಿಯಲ್ಲಿ ಬರುತ್ತದೆ. ಅದು ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡದಲ್ಲಿ, ಮುಖ ಆಕಾಶಕ್ಕೆ ಮಾಡಿ ಚಪ್ಪಟೆ ಕೂರಬೇಕು. ಚಂದ ಕಾಣುವುದಿಲ್ಲ ಎಂದು ಸ್ಟೀರಿಯೊದ ಹಿಂದೆ ಕಬ್ಬಿಣದ ಚೌಕಟ್ಟಿನೊಳಗೆ ತುರುಕಿಬಿಡುವ ಅಭ್ಯಾಸ ಎಲ್ಲ ಕಡೆ ಇದೆ. ನಮ್ಮ ಅಂಗಡಿಯ ಹುಡುಗನೂ ಒಮ್ಮೆ ಹಾಗೇ ಮಾಡಿದ್ದ. ಹೆದ್ದಾರಿಯಲ್ಲಿ ಹೋಗುತ್ತಿದ್ದ ಗಿರಾಕಿಯ ಕಾರು ಪರದೆಯ ಮೇಲೆ ಅಘನಾಶಿನಿ ನದಿಯಲ್ಲಿ ಈಜುತ್ತಿತ್ತಂತೆ. ಪುಕ್ಕಟೆ ಬಿಚ್ಚಿ ಕೂರಿಸಿಕೊಟ್ಟೆವು. ಹಾಗೆಯೇ, ವೈರು ಕತ್ತರಿಸಿ ಜೋಡಿಸುತ್ತೇನೆ ಎನ್ನುವವರ ಹತ್ತಿರ ಕೊಡಬೇಡಿ. ವೈರು ಕತ್ತರಿಸದೆ ಸಿಕ್ಕಿಸುವ, ನಿಮ್ಮ ಕಾರಿಗೆ ಸರಿಯಾದ ಕಪ್ಲರ್ ಸಿಗುತ್ತದೆ, ಅದನ್ನೇ ಕೇಳಿ. ಕತ್ತರಿಸಿದರೆ ಕಂಪನಿಯ ವಾರಂಟಿಗೆ ಕುತ್ತು.

ಮೊಬೈಲಿನ ನಕ್ಷೆಯನ್ನು ಕಾರಿನ ಪರದೆಯಲ್ಲಿ ತೋರಿಸುವ ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಕಾರಿನ ಸ್ಟೀರಿಯೊದಲ್ಲೇ ಇದ್ದರೆ ಯಾವುದೂ ಬೇಡ. ಒಂದು ಒಳ್ಳೆ ಕೇಬಲ್ ಕೊಂಡು ಮೊಬೈಲ್ ಜೋಡಿಸಿದರೆ ಮುಗಿಯಿತು.

ಗಾಜಿಗೆ ಅಂಟಿಸುವ ಜಿಪಿಎಸ್ ಪೆಟ್ಟಿಗೆ ಯಾರಿಗೆ ಬೇಕು?

ಬಹಳ ಕಡಿಮೆ ಜನರಿಗೆ. ಮೊಬೈಲಿಗೆ ಕೈ ಹಾಕುವುದೇ ಬೇಡ ಎನ್ನುವ ಹಿರಿಯರಿಗೆ, ತಿಂಗಳಲ್ಲಿ ಇಪ್ಪತ್ತು ದಿನ ಹೊರರಾಜ್ಯ ಸುತ್ತುವವರಿಗೆ ಸರಿಹೋಗುತ್ತದೆ. ಗಾರ್ಮಿನ್‌ನಂಥ ಹೆಸರುಳ್ಳವು ಹತ್ತು ಸಾವಿರ ದಾಟುತ್ತವೆ. ಕೊಳ್ಳುವ ಮೊದಲು ಮೂರು ಮಾತು ಕೇಳಿ: ಭಾರತದ ನಕ್ಷೆ ಒಳಗಿದೆಯೇ, ನವೀಕರಣಕ್ಕೆ ದುಡ್ಡು ಕೊಡಬೇಕೇ, ರಿಪೇರಿ ಎಲ್ಲಿ. "ಜೀವಮಾನದ ನಕ್ಷೆ" ಎಂದು ಬರೆದದ್ದು ನಿಮ್ಮ ಜೀವಮಾನವಲ್ಲ, ಆ ಪೆಟ್ಟಿಗೆಯದ್ದು. ಕಂಪನಿ ಆ ಮಾದರಿಯನ್ನು ಕೈಬಿಟ್ಟ ದಿನ ಜೀವಮಾನ ತೀರಿತು. ಅಂಗಡಿಯಲ್ಲಿ ಪರೀಕ್ಷೆಗೆ ಬೆಂಗಳೂರು ಹುಡುಕಬೇಡಿ, ಬೆಂಗಳೂರು ಎಲ್ಲದರಲ್ಲೂ ಇರುತ್ತದೆ. ಹುಲೇಕಲ್, ಹೆಗ್ಗರಣೆ, ಮಂಚಿಕೇರಿ ಹುಡುಕಿ ನೋಡಿ.

ಅಣ್ಣ ದುಬೈಯಿಂದ ಒಂದು ಪೆಟ್ಟಿಗೆ ತಂದುಕೊಟ್ಟಿದ್ದಾನೆ. ಇಲ್ಲಿ ನಡೆಯುತ್ತದೆಯೇ?

ಭಟ್ಕಳದಿಂದ ಬರುವ ಗಿರಾಕಿಗಳ ಮೊದಲ ಪ್ರಶ್ನೆ ಇದು. ಉಪಗ್ರಹ ಎಲ್ಲ ಕಡೆಯದ್ದೂ ಒಂದೇ, ಆದ್ದರಿಂದ ಅದು ನೀವಿರುವ ಜಾಗವನ್ನು ಸರಿಯಾಗಿಯೇ ಹಿಡಿಯುತ್ತದೆ. ಆದರೆ ಒಳಗಿರುವುದು ಕೊಲ್ಲಿಯ ನಕ್ಷೆ. ಖಾಲಿ ಪರದೆಯ ನಡುವೆ ನಿಮ್ಮ ಕಾರೊಂದೇ ಕಾಣುತ್ತದೆ. ಆ ಕಂಪನಿ ಭಾರತದ ನಕ್ಷೆಯನ್ನು ಬೇರೆಯಾಗಿ ಮಾರುತ್ತದೆಯೇ, ಎಷ್ಟಕ್ಕೆ ಎಂದು ಮೊದಲು ನೋಡಿ. ಎಷ್ಟೋ ಸಲ ನಕ್ಷೆಯ ಬೆಲೆ ಕೇಳಿದ ಮೇಲೆ ಪೆಟ್ಟಿಗೆ ಮತ್ತೆ ಕಪಾಟು ಸೇರಿದೆ.

ಮುಂದೆ ಮೊಬೈಲ್ ಇಟ್ಟುಕೊಂಡರೆ ಪೊಲೀಸರು ಹಿಡಿಯುವುದಿಲ್ಲವೇ?

ಹೋಲ್ಡರಿನಲ್ಲಿಟ್ಟು ದಾರಿ ನೋಡಲು ಮಾತ್ರ ಬಳಸಿದರೆ ತಪ್ಪಿಲ್ಲ. ಚಾಲಕನ ಗಮನ ಕದಡದಂತೆ ದಾರಿ ತೋರಿಸಲು ಬಳಸಬಹುದೆಂದು ಕೇಂದ್ರದ ಮೋಟಾರು ವಾಹನ ನಿಯಮದಲ್ಲೇ 2020ರ ಅಕ್ಟೋಬರ್ 1ರಿಂದ ಹೇಳಿದೆ. ಕೈಯಲ್ಲಿ ಹಿಡಿದು ಮಾತಾಡಿದರೆ ಅದು ಅಪಾಯಕಾರಿ ಚಾಲನೆ. 2019ರ ತಿದ್ದುಪಡಿಯ ಪ್ರಕಾರ 1,000ದಿಂದ 5,000 ರೂಪಾಯಿವರೆಗೆ ದಂಡವಿದೆ. ಹೋಗುವ ಊರನ್ನು ಕಾರು ನಿಂತಿದ್ದಾಗಲೇ ಬರೆಯಿರಿ, ಇಲ್ಲವೇ ಪಕ್ಕದಲ್ಲಿ ಕೂತವರು ಬರೆಯಲಿ.

ಶಿರೂರು ಎಂದು ಹಾಕಿದರೆ ಬೇರೆಲ್ಲೋ ಕರೆದೊಯ್ಯುತ್ತದೆ. ಸಾಧನ ಕೆಟ್ಟಿದೆಯೇ?

ಸಾಧನ ಸರಿಯಾಗಿದೆ. ಶಿರೂರೇ ಎರಡಿವೆ, ಅದೂ ಒಂದೇ ಹೆದ್ದಾರಿ 66ರ ಮೇಲೆ. ಒಂದು ಅಂಕೋಲಾ ತಾಲೂಕಿನದ್ದು, ಗಂಗಾವಳಿ ದಂಡೆಯದ್ದು. ಇನ್ನೊಂದು ಭಟ್ಕಳ ದಾಟಿದ ಮೇಲೆ ಉಡುಪಿ ಜಿಲ್ಲೆಯಲ್ಲಿ ಸಿಗುವ, ಟೋಲ್ ಇರುವ ಶಿರೂರು. ನಡುವೆ ಎಂಬತ್ತು ತೊಂಬತ್ತು ಕಿಲೋಮೀಟರ್. 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಬೆಂಗಳೂರಿನ ನೆಂಟರು "ನೀವು ಭಟ್ಕಳಕ್ಕೆ ಹೋಗಬೇಡಿ" ಎಂದು ನಮಗೆ ಫೋನ್ ಮಾಡಿದ್ದು ಇದೇ ಗೊಂದಲದಿಂದ.

ಸಿದ್ದಾಪುರದ್ದೂ ಇದೇ ಕತೆ. ನಮ್ಮ ಜಿಲ್ಲೆಯದ್ದು, ಕುಂದಾಪುರ ಕಡೆಯದ್ದು, ಕೊಡಗಿನದ್ದು. ಇನ್ನು ಹೊಸಗದ್ದೆ, ಹೊಸೂರು, ಕೊಪ್ಪ ಎಂಬ ಹೆಸರುಗಳನ್ನು ಎಣಿಸುತ್ತ ಕೂರುವುದೇ ಬೇಡ. ಅದಕ್ಕೆ ಯಾವಾಗಲೂ ತಾಲೂಕಿನ ಹೆಸರು ಸೇರಿಸಿ ಹುಡುಕಿ, "ಹೊರಡು" ಒತ್ತುವ ಮೊದಲು ಎಷ್ಟು ಕಿಲೋಮೀಟರ್ ತೋರಿಸುತ್ತದೆ ನೋಡಿ. ಶಿರಸಿಯಿಂದ ಸಿದ್ದಾಪುರಕ್ಕೆ ಇನ್ನೂರು ಕಿಲೋಮೀಟರ್ ಎಂದರೆ ಅದು ನಿಮ್ಮ ಸಿದ್ದಾಪುರವಲ್ಲ.

ಇದರ ತಿರುಗುಮುರುಗು ಉಂಚಳ್ಳಿ. ಒಂದೇ ಜಲಪಾತಕ್ಕೆ ಉಂಚಳ್ಳಿ, ಲುಷಿಂಗ್ಟನ್, ಕೆಪ್ಪ ಜೋಗ ಎಂದು ಮೂರು ಹೆಸರು. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗಲೂ ಹಾಗೆಯೇ. ಶಿರಸಿಯನ್ನೇ ಜನ ಮೂರು ನಾಲ್ಕು ಥರ ಬರೆಯುತ್ತಾರೆ.

ನಮ್ಮ ತೋಟದ ಮನೆ ನಕ್ಷೆಯಲ್ಲಿ ಇಲ್ಲ. ಬರುವವರಿಗೆ ಹೇಗೆ ಹೇಳುವುದು?

ವಿಳಾಸ ಬಿಟ್ಟು ಅಂಕಿ ಕೊಡಿ. ನಕ್ಷೆಯ ಮೇಲೆ ಜಾಗವನ್ನು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಬರುತ್ತದೆ. ಶಿರಸಿ ಪೇಟೆಯದ್ದು ಸುಮಾರು 14.62, 74.84. ಬಿಂದುವಿನ ನಂತರ ನಾಲ್ಕು ಅಂಕಿ ಇದ್ದರೆ ಹತ್ತು ಹನ್ನೊಂದು ಮೀಟರಿನಷ್ಟು, ಐದಿದ್ದರೆ ಸುಮಾರು ಒಂದು ಮೀಟರಿನಷ್ಟು ನಿಖರ. ಈ ಅಂಕಿಯನ್ನು ಯಾವ ಸಾಧನಕ್ಕೆ ಕೊಟ್ಟರೂ ತಿಳಿಯುತ್ತದೆ. ಗೂಗಲ್‌ನ ಪ್ಲಸ್ ಕೋಡ್ ಕೂಡ ಇದನ್ನೇ ಚಿಕ್ಕದಾಗಿಸಿದ್ದು. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ತಂದಿದೆ. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರಿನ ಚೌಕಗಳಾಗಿ ಹೋಳು ಮಾಡಿ ಒಂದೊಂದಕ್ಕೂ ಹತ್ತು ಅಕ್ಷರ-ಅಂಕಿಯ ಗುರುತು. ಅಂಚೆ ಪಿನ್ನು ಇಡೀ ಊರಿಗೊಂದು, ಇದು ಮನೆಯ ಬಾಗಿಲಿಗೊಂದು.

ಆದರೆ ಗುರುತನ್ನು ಮನೆಯ ಮಾಡಿನ ಮೇಲೆ ಹಾಕಬೇಡಿ. ಇದನ್ನು ನಾವು ಪೆಟ್ಟು ತಿಂದು ಕಲಿತದ್ದು. ತಂಗಿಯ ಮಗಳ ಮದುವೆಗೆ ಕರೆಯೋಲೆಯ ಜತೆ ಮನೆಯ ಗುರುತು ಕಳಿಸಿದ್ದೆವು. ಸಾಧನಕ್ಕೆ ಮನೆ ಬೇಕಿಲ್ಲ, ರಸ್ತೆ ಬೇಕು. ಗುರುತಿಗೆ ಹತ್ತಿರವಿರುವ ರಸ್ತೆ ಯಾವುದೋ ಅಲ್ಲಿಗೆ ಕರೆದೊಯ್ದು "ತಲುಪಿದಿರಿ" ಎನ್ನುತ್ತದೆ. ನಮ್ಮ ಮನೆಗೆ ಹತ್ತಿರದ ರಸ್ತೆ ಹಳ್ಳದ ಆಚೆ ದಡದ್ದು. ಮಂಗಳೂರಿನಿಂದ ಬಂದ ಗಂಡಿನ ಕಡೆಯ ದಿಬ್ಬಣ ಅಲ್ಲೇ ಇಳಿದು, ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ಒಬ್ಬೊಬ್ಬರಾಗಿ ಕಾಲುಸಂಕ ದಾಟಿ ಬಂತು. ಬೀಗರ ಮೊದಲ ಉಪಚಾರವೇ ಅದಾಯಿತು. ಗುರುತು ಹಾಕುವುದು ಕಾರು ಬಂದು ನಿಲ್ಲುವ ಜಾಗಕ್ಕೆ: ಉಣಗೋಲಿನ ಹತ್ತಿರವೋ, ಡಾಂಬರು ಬಿಟ್ಟು ಒಳಗೆ ತಿರುಗುವಲ್ಲಿಯೋ. ಹೋಂಸ್ಟೇಯವರು ಇದನ್ನು ಇವತ್ತೇ ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು.

ಹತ್ತಿರದ ದಾರಿ ಎಂದು ಕಾಡಿನ ಮಣ್ಣುರಸ್ತೆಗೆ ಹಾಕುತ್ತದೆ. ಯಾವ ಸಾಧನ ಕೊಂಡರೆ ಹೀಗಾಗುವುದಿಲ್ಲ?

ಯಾವುದು ಕೊಂಡರೂ ಆಗುತ್ತದೆ, ದುಬಾರಿಯದ್ದಾದರೂ. ಮೊದಲು ನಿಮ್ಮ ಮೊಬೈಲಿನಲ್ಲಿ ಬೈಕಿನ ಚಿತ್ರ ಒತ್ತಿಹೋಗಿದೆಯೇ ನೋಡಿ. ಕಾರಿನಲ್ಲಿ ಕೂತು ಬೈಕಿನ ದಾರಿ ಕೇಳಿದವರನ್ನು ಎಷ್ಟೋ ಜನ ನೋಡಿದ್ದೇನೆ. ಹೆದ್ದಾರಿ ಬೇಡ, ಟೋಲ್ ಬೇಡ ಎಂಬ ಆಯ್ಕೆ ಒತ್ತಿದ್ದರೂ ಹೀಗೆ ಒಳದಾರಿ ಹಿಡಿಸುತ್ತದೆ.

ಅದಾದ ಮೇಲೂ ಒಂದು ಉಳಿಯುತ್ತದೆ. ಸಾಧನ ನಿಮಿಷದ ಲೆಕ್ಕ ಹಾಕುತ್ತದೆ, ಆಷಾಢದ ಲೆಕ್ಕ ಹಾಕುವುದಿಲ್ಲ. ಬೇಸಿಗೆಯಲ್ಲಿ ಜೀಪು ಹೋದ ಗೆರೆಯನ್ನು ಅದು ರಸ್ತೆ ಎಂದು ನಂಬಿರುತ್ತದೆ. ಶಿರಸಿಯಿಂದ ಕಾರವಾರಕ್ಕೆ ಹೊರಟವರು ದೇವಿಮನೆ ಇಳಿದು ಕತಗಾಲ, ಕುಮಟಾ ಮೇಲೆ ಹೋಗಬಹುದು, ಯಲ್ಲಾಪುರಕ್ಕೆ ಹೋಗಿ ಅರಬೈಲ್ ಇಳಿದು ಅಂಕೋಲಾ ಸೇರಬಹುದು. ಯಾವುದೆಂದು ನೀವು ತೀರ್ಮಾನಿಸಿ ನಡುವಿನ ಒಂದು ಊರನ್ನು ನಿಲ್ದಾಣವಾಗಿ ಸೇರಿಸಿಬಿಡಿ. ಆಮೇಲೆ ಅದು ಬೇರೆ ಘಟ್ಟದ ತಂಟೆಗೆ ಹೋಗುವುದಿಲ್ಲ.

ರಸ್ತೆ ಬಂದ್ ಆದ ಸುದ್ದಿಯಂತೂ ಇಳಿಸಿಟ್ಟ ನಕ್ಷೆಗೆ ತಿಳಿಯುವುದೇ ಇಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು, ಸಂಚಾರ ದಿನಗಟ್ಟಲೆ ನಿಂತಿತು. ಅದೇ ಆಗಸ್ಟ್ 7ರ ನಡುರಾತ್ರಿ ಕಾರವಾರ-ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆ ಸೇತುವೆ ಮುರಿದುಬಿತ್ತು. ಗೂಗಲ್‌ನಂಥ ಜೀವಂತ ನಕ್ಷೆ ಇಂಥದ್ದನ್ನು ಕೆಲ ಹೊತ್ತಿನಲ್ಲಿ ತಿದ್ದಿಕೊಳ್ಳಬಹುದು. ಇಂಟರ್ನೆಟ್ ಇಲ್ಲದ ಪೆಟ್ಟಿಗೆಗೆ ಆ ಸೇತುವೆ ಇನ್ನೂ ನದಿಯ ಮೇಲೇ ಇದೆ.

ಮಳೆಗಾಲದಲ್ಲಿ ನಾನು ಹೊರಡುವ ಮೊದಲು ಬಸ್ ನಿಲ್ದಾಣದ ವಿಚಾರಣೆ ಕಿಂಡಿಯಲ್ಲಿ ಕೇಳುತ್ತೇನೆ: "ಕುಮಟಾ ಬಸ್ಸು ಯಾವ ಘಟ್ಟದಲ್ಲಿ ಹೋಗ್ತಾ ಇದೆ?" ಬಸ್ಸು ಹೋದಲ್ಲಿ ನನ್ನ ಕಾರು ಹೋಗುತ್ತದೆ. ಜಾತ್ರೆಯ ಹೊತ್ತಿನ ಶಿರಸಿ ಪೇಟೆಗೂ ಇದೇ ಮಾತು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಬಿಡಕಿಬೈಲಿನ ಗದ್ದುಗೆಯಲ್ಲಿ ಕೂತಾಗ ಯಾವ ಬೀದಿ ಬಂದ್, ಯಾವುದು ಏಕಮುಖ ಎಂದು ಉಪಗ್ರಹಕ್ಕೆ ಹೇಳಿದವರಿಲ್ಲ.

ಜೋರು ಮಳೆ ಬಂದರೆ ಸಿಗ್ನಲ್ ಹೋಗುತ್ತದೆಯೇ?

ಇಲ್ಲ. ಮನೆಯ ಡಿಶ್ ಟಿವಿ ಮಳೆಗೆ ಹೋಗುತ್ತದೆಂದು ಇದೂ ಹೋಗುತ್ತದೆ ಎಂದುಕೊಳ್ಳಬೇಡಿ. ಎರಡರ ತರಂಗ ಬೇರೆ. ಜಿಪಿಎಸ್ ತರಂಗಕ್ಕೆ ಮಳೆಹನಿ ಲೆಕ್ಕಕ್ಕಿಲ್ಲ.

"ನಾವಿಕ್" ಇರುವುದನ್ನೇ ಕೊಳ್ಳಬೇಕೇ?

ನಾವಿಕ್ ಎಂದರೆ ಜಿಪಿಎಸ್ ಥರದ್ದೇ ಉಪಗ್ರಹ ವ್ಯವಸ್ಥೆ, ನಮ್ಮ ಇಸ್ರೋದ್ದು. ಮೊದಲ ಉಪಗ್ರಹ ಹೋದದ್ದು 2013ರಲ್ಲಿ. 2023ರ ಮೇ 29ರಂದು ಹಾರಿಸಿದ ಹೊಸ ತಲೆಮಾರಿನ ಉಪಗ್ರಹ ಮೊಬೈಲುಗಳಿಗೆ ಹಿಡಿಯಲು ಸುಲಭವಾದ ಎಲ್1 ತರಂಗವನ್ನೂ ಕಳಿಸುತ್ತದೆ. ಅಮೆರಿಕದ ಜಿಪಿಎಸ್, ರಷ್ಯದ ಗ್ಲೊನಾಸ್, ಯುರೋಪಿನ ಗೆಲಿಲಿಯೊ ಇವೆಲ್ಲವನ್ನೂ ಈಗಿನ ಮೊಬೈಲು ಒಟ್ಟಿಗೇ ಕೇಳುತ್ತದೆ. ಉಪಗ್ರಹ ಹೆಚ್ಚಿದಷ್ಟೂ ಘಟ್ಟದ ಕಿರಿದಾದ ಆಕಾಶದಲ್ಲಿ ನಾಲ್ಕು ಸಿಗುವ ಸಂಭವ ಹೆಚ್ಚು. ಎಲ್1, ಎಲ್5 ಎರಡೂ ತರಂಗ ಹಿಡಿಯುವ ಮೊಬೈಲಾದರೆ ಬಂಡೆಗೆ ಬಡಿದು ಬಂದ ಸಿಗ್ನಲ್ಲನ್ನು ಇನ್ನಷ್ಟು ಚೆನ್ನಾಗಿ ಗುರುತಿಸುತ್ತದೆ. ಹೇಗೂ ಹೊಸ ಮೊಬೈಲ್ ಕೊಳ್ಳುವವರು ಇದನ್ನು ನೋಡಿ. ಇದೊಂದಕ್ಕಾಗಿ ಹೊಸತು ಕೊಳ್ಳಬೇಡಿ.

ಜೋಯಿಡಾ ಕಾಡಿಗೆ ಹೋಗುವಾಗ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬೇಡಿ. ಕೇಳಿಸಿಕೊಳ್ಳುವುದು ಮಾತ್ರ ಮಾಡುವ ಜಿಪಿಎಸ್‌ಗೆ ಅಡ್ಡಿಯಿಲ್ಲ. ಉಪಗ್ರಹಕ್ಕೆ ಸಂದೇಶ ಕಳಿಸುವ ಸಾಧನಕ್ಕೆ, ಸ್ಯಾಟಲೈಟ್ ಫೋನಿಗೆ ಸರ್ಕಾರದ ಪರವಾನಗಿ ಬೇಕು. ವಿದೇಶದ ಪ್ರವಾಸಿಗರು ಇದನ್ನು ಚೀಲದಲ್ಲಿಟ್ಟುಕೊಂಡು ಬಂದು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದದ್ದಿದೆ. ಗೋಕರ್ಣಕ್ಕೆ ಬರುವ ನಿಮ್ಮ ಅತಿಥಿಗಳಿಗೂ ಹೇಳಿ. ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರ ಎರಡೂ ಇರುವ ಜಿಲ್ಲೆ ನಮ್ಮದು.

ಹಳದಿ ಬೋರ್ಡಿನ ಕಾರಿಗೆ ಆರ್‌ಟಿಒದಲ್ಲಿ ಜಿಪಿಎಸ್ ಕೇಳುತ್ತಾರಲ್ಲ, ಅದೇ ದಾರಿಯನ್ನೂ ತೋರಿಸುತ್ತದೆಯೇ?

ತೋರಿಸುವುದಿಲ್ಲ. ಅದು ಎಐಎಸ್ 140 ಎಂಬ ಮಾನದಂಡದ ಟ್ರ್ಯಾಕರ್, ತುರ್ತು ಗುಂಡಿಯ ಸಮೇತ ಬರುತ್ತದೆ. 2019ರ ಜನವರಿಯಿಂದ ಹೊಸ ಪ್ರಯಾಣಿಕ ಬಾಡಿಗೆ ವಾಹನಗಳಿಗೆ ಕಡ್ಡಾಯ. ನಾನು ಮೊದಲು ಹೇಳಿದ ಎರಡು ಸಾವಿರದ ಟ್ರ್ಯಾಕರ್ ಹಾಕಿಸಿಕೊಂಡು ಹೋದರೆ ಅಲ್ಲಿ ನಡೆಯುವುದಿಲ್ಲ. ಮಾನ್ಯತೆ ಪಡೆದದ್ದನ್ನೇ ಹಾಕಿಸಬೇಕು.

ಕನ್ನಡದಲ್ಲಿ ದಾರಿ ಹೇಳುತ್ತದೆಯೇ?

ಗೂಗಲ್ ಹೇಳುತ್ತದೆ, ಸೆಟ್ಟಿಂಗ್ಸಿನಲ್ಲಿ ಧ್ವನಿಯ ಭಾಷೆ ಬದಲಿಸಿ. ಊರ ಹೆಸರನ್ನು ಅದು ಉಚ್ಚರಿಸುವ ರೀತಿಗೆ ಮಾತ್ರ ನಗಬೇಡಿ, ತಿರುವು ತಪ್ಪುತ್ತದೆ.

ಹತ್ತು ಹದಿನೈದು ವರ್ಷದ ಹಿಂದಿನ ಜಿಪಿಎಸ್ ಪೆಟ್ಟಿಗೆ ಮನೆಯಲ್ಲಿದೆ. ದಿನಾಂಕ ತಪ್ಪು ತೋರಿಸುತ್ತದೆ. ರಿಪೇರಿ ಆಗುತ್ತದೆಯೇ?

ಜಿಪಿಎಸ್ ವಾರಗಳನ್ನು ಎಣಿಸುತ್ತದೆ, ಆದರೆ ಹಳೆಯ ಪದ್ಧತಿಯಲ್ಲಿ 1,024 ವಾರ ತುಂಬಿದೊಡನೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಹಾಗೆ ಎರಡನೇ ಸಲ ಸೊನ್ನೆಗೆ ಬಂದದ್ದು 2019ರ ಏಪ್ರಿಲ್ 6ರ ರಾತ್ರಿ. ನವೀಕರಣ ಸಿಗದ ಹಳೆ ಪೆಟ್ಟಿಗೆಗಳು ಅಂದಿನಿಂದ 19 ವರ್ಷ ಏಳೂವರೆ ತಿಂಗಳಷ್ಟು ಹಿಂದಿನ ದಿನಾಂಕ ತೋರಿಸುತ್ತಿವೆ. ಕೆಲವಕ್ಕೆ ದಿನಾಂಕ ಮಾತ್ರ ತಪ್ಪು, ದಾರಿ ಸರಿ. ಕೆಲವು ಉಪಗ್ರಹವನ್ನೇ ಹಿಡಿಯುವುದಿಲ್ಲ. ಕಂಪನಿಯ ನವೀಕರಣ ಸಿಕ್ಕರೆ ಹಾಕಿ ನೋಡಿ. ಸಿಗದಿದ್ದರೆ ಅದರ ಚಾರ್ಜರನ್ನೂ ಗಾಜಿಗೆ ಅಂಟಿಸುವ ಬಟ್ಟಲನ್ನೂ ತೆಗೆದಿಟ್ಟುಕೊಂಡು ಉಳಿದದ್ದನ್ನು ನಮ್ಮ ಅಂಗಡಿಗೆ ತಂದುಕೊಡಿ. ಹುಬ್ಬಳ್ಳಿಗೆ ಇ-ತ್ಯಾಜ್ಯ ಕಳಿಸುವಾಗ ಅದನ್ನೂ ಸೇರಿಸುತ್ತೇನೆ. ತೋಟದ ಗೊಬ್ಬರಗುಂಡಿಗೆ ಮಾತ್ರ ಎಸೆಯಬೇಡಿ, ಒಳಗೆ ಬ್ಯಾಟರಿ ಇರುತ್ತದೆ.